ಬಾಯಿ ಆಡಿಸಿದರೇನಂತೆ, ಕ್ಯಾಮೆರಾ ಅಲ್ಲೇ ಇತ್ತಲ್ಲ

ಮ್ಯಾಂಚೆಸ್ಟರಿನಲ್ಲಿ ಕರಿಬೇವು ಬೇಕಾದಾಗ ನಾನು ರಶೋಮ್ ಕಡೆ ಹೋಗುತ್ತೇನೆ. ವಿಲ್ಮ್‌ಸ್ಲೋ ರಸ್ತೆಯ ಅಂಗಡಿಗಳಲ್ಲಿ ಕಟ್ಟು ಕಟ್ಟು ಸಿಗುತ್ತದೆ, ಜೊತೆಗೆ ಕಬಾಬಿನ ಹೊಗೆ ಫ್ರೀ. ಅಲ್ಲೇ ಪಕ್ಕಕ್ಕೆ ತಿರುಗಿದರೆ ಡಿಕೆನ್ಸನ್ ರಸ್ತೆ. ಮನೆಗಳು, ನಿಂತ ಕಾರುಗಳು, ನೋಡುವಂಥದ್ದು ಏನೂ ಇಲ್ಲ. ಆದರೆ ಬಿಬಿಸಿ ಟಿವಿಯ ಹಾಡಿನ ಕಾರ್ಯಕ್ರಮ 'ಟಾಪ್ ಆಫ್ ದಿ ಪಾಪ್ಸ್' 1964ರ ಜನವರಿ 1ರಂದು ಶುರುವಾಗಿದ್ದು ಈ ರಸ್ತೆಯಲ್ಲೇ. ಹಳೇ ಚರ್ಚೊಂದು ಸ್ಟುಡಿಯೋ ಆಗಿತ್ತು. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು, ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಮೊದಲ ದಿನವೇ ಬಂದು ಹೋದರು. ಆಮೇಲೆ ಕಾರ್ಯಕ್ರಮ ಲಂಡನ್ನಿಗೆ ಹೋಯಿತು, ಕಟ್ಟಡವನ್ನು 1975ರಲ್ಲಿ ಕೆಡವಿದರು. ಆರು ಕಂತು ನೋಡೋಣ ಅಂತ ಶುರು ಮಾಡಿದ್ದು 2006ರ ಜುಲೈವರೆಗೂ ನಡೆಯಿತು.

ಲೆಕ್ಕ ಸರಳ. ಆ ವಾರ ಜಾಸ್ತಿ ಮಾರಾಟವಾದ ಹಾಡುಗಳ ಪಟ್ಟಿ. ಮೇಲೆ ಏರುತ್ತಿರುವ ಹಾಡಿಗೆ ಜಾಗ, ಇಳಿಯುತ್ತಿರುವುದಕ್ಕೆ ಇಲ್ಲ. ಕೊನೆಗೆ ಒಂದನೇ ನಂಬರ್. ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ ಕೇಳಿದವರಿಗೆ ಇದು ಹೊಸದೇನಲ್ಲ. ಇಲ್ಲಿ ಮುಖವೂ ಕಾಣುತ್ತಿತ್ತು, ಅಷ್ಟೇ.

2011ರಲ್ಲಿ ಬಿಬಿಸಿ ಫೋರ್ ಹಳೇ ಕಂತುಗಳನ್ನು 1976ರಿಂದ ಹಿಡಿದು ಮತ್ತೆ ಹಾಕತೊಡಗಿತು. ನನಗೆ ಚಟ ಹತ್ತಿದ್ದು ಆಗಲೇ. ಆಫೀಸಿನಲ್ಲಿ ಹೇಳಿದರೆ ಇಂಗ್ಲಿಷ್ ಗೆಳೆಯನೊಬ್ಬ ಮೂಗು ಮುರಿದ. "ಅದೆಲ್ಲ ಸುಳ್ಳು ಮಾರಾಯ, ರೆಕಾರ್ಡ್ ಹಾಕಿ ಸುಮ್ನೆ ಬಾಯಿ ಆಡಿಸ್ತಿದ್ರು" ಅನ್ನುವ ಅರ್ಥದ ಮಾತು.

ನನಗೆ ಮೊದಲು ಅವನ ಸಂಕಟ ಏನು ಅಂತಲೇ ತಿಳಿಯಲಿಲ್ಲ. ಬಾಯಿ ಆಡಿಸುವುದು ತಪ್ಪಾ? ನಾವು ಅದನ್ನೇ ನೋಡಿ ಬೆಳೆದವರು. ಎಷ್ಟೋ ವರ್ಷ ಪಿ.ಬಿ. ಶ್ರೀನಿವಾಸ್ ಹಾಡಿದರು, ರಾಜ್‌ಕುಮಾರ್ ತುಟಿ ಆಡಿಸಿದರು. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂದ ಮೇಲೆ ಅಣ್ಣಾವ್ರು ತಮ್ಮ ಹಾಡು ತಾವೇ ಹಾಡತೊಡಗಿದರು, ಸಂತೋಷ. ಹಾಗಂತ ಹಿಂದಿನದು ಮೋಸ ಅಂತ ಯಾರಾದರೂ ಅಂದರಾ? ತುಟಿಗೆ ದನಿ ಎಷ್ಟು ಚೆನ್ನಾಗಿ ಕೂತಿದೆ ನೋಡು ಅಂತ ಮೆಚ್ಚಿದೆವು. ಹಾಡು ಒಬ್ಬರದು, ಮುಖ ಇನ್ನೊಬ್ಬರದು. ಈ ಜಂಟಿ ಖಾತೆ ನಮಗೆ ಚಿಕ್ಕಂದಿನಿಂದ ಗೊತ್ತು.

ಮಜಾ ಏನೆಂದರೆ, ಶುರುವಿನಲ್ಲಿ ಬಿಬಿಸಿಯವರೂ ಇದನ್ನು ಮುಚ್ಚಿಡುತ್ತಿರಲಿಲ್ಲ. ನಿರೂಪಕರ ಪಕ್ಕದಲ್ಲಿ ಹುಡುಗಿಯೊಬ್ಬಳು ಕೂತು ರೆಕಾರ್ಡನ್ನು ಎಲ್ಲರ ಎದುರೇ ಪ್ಲೇಯರ್ ಮೇಲೆ ಇಡುತ್ತಿದ್ದಳು. 1966ರಲ್ಲಿ ಸಂಗೀತಗಾರರ ಯೂನಿಯನ್ ಗಲಾಟೆ ಎಬ್ಬಿಸಿತು. ರೆಕಾರ್ಡ್ ಹಾಕಿಕೊಂಡರೆ ನಮ್ಮ ಹೊಟ್ಟೆಪಾಡೇನು ಅಂತ. ಅದು ನ್ಯಾಯವೇ. ಆಮೇಲೆ ಕಾರ್ಯಕ್ರಮಕ್ಕೆಂದೇ ಹೊಸದಾಗಿ ಟ್ರ್ಯಾಕ್ ನುಡಿಸಿ ತರಬೇಕು ಅಂತ ಒಪ್ಪಂದವಾಯಿತು.

ಹಾಗಾಗಿ ನನ್ನ ಕಣ್ಣು ತುಟಿಯ ಮೇಲೆ ನಿಲ್ಲುವುದೇ ಇಲ್ಲ. ನಾನು ನೋಡುವುದು ಕ್ಯಾಮೆರಾವನ್ನು.

ಒಂದೇ ಸ್ಟುಡಿಯೋದಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ವೇದಿಕೆ. ಒಂದರಲ್ಲಿ ಹಾಡು ನಡೆಯುವಾಗ ಇನ್ನೊಂದರಲ್ಲಿ ಮುಂದಿನವರು ಸಿದ್ಧರಾಗಿ ನಿಂತಿರುತ್ತಾರೆ. ನೋಡಲು ಬಂದ ಹುಡುಗ ಹುಡುಗಿಯರು ಬಹಳ ಜನ ಇರುತ್ತಿರಲಿಲ್ಲ. ಅವರನ್ನೇ ಈ ವೇದಿಕೆಯಿಂದ ಆ ವೇದಿಕೆಗೆ ಕುರಿಮಂದೆ ಥರ ಅಟ್ಟುತ್ತಿದ್ದರು. ಟಿವಿಯಲ್ಲಿ ಜಾತ್ರೆ ಕಾಣಬೇಕಲ್ಲ! ಕ್ಯಾಮೆರಾ ಅಂದರೆ ಚಕ್ರದ ಕಂಬದ ಮೇಲೆ ಕೂತ ದೊಡ್ಡ ಪೆಟ್ಟಿಗೆ. ತಳ್ಳುವವನೊಬ್ಬ, ಹಿಂದೆ ಕೇಬಲ್ ಎಳೆಯುವವನೊಬ್ಬ. ಅದು ನುಗ್ಗಿದರೆ ಜನ ತೇರಿಗೆ ದಾರಿ ಬಿಟ್ಟ ಹಾಗೆ ಸರಿಯಬೇಕು. ಸರಿಯದವರ ಬೆನ್ನು ಫ್ರೇಮಿನಲ್ಲೇ ಉಳಿಯುತ್ತದೆ. ಗ್ಯಾಲರಿಯಲ್ಲಿ, ಅಂದರೆ ಕಂಟ್ರೋಲ್ ರೂಮಿನಲ್ಲಿ, ಕೂತ ನಿರ್ದೇಶಕ ಹಾಡಿನ ತಾಳ ಎಣಿಸುತ್ತಾ ಯಾವ ಕ್ಯಾಮೆರಾ ಅಂತ ಕೂಗಬೇಕು, ಪಕ್ಕದವರು ಬಟನ್ ಒತ್ತಬೇಕು. ಅರ್ಧ ಆವರ್ತ ತಪ್ಪಿತೋ, ಗಿಟಾರು ಮೊರೆಯುವಾಗ ಡ್ರಮ್ಮರ್ ಮುಖ ಬಂತು.

ಬಣ್ಣ ಬಂದ ಮೇಲೆ ಇನ್ನೊಂದು ಚಂದ. ಆಗಿನ ಟ್ಯೂಬ್ ಕ್ಯಾಮೆರಾಗಳಿಗೆ ಜೋರು ಬೆಳಕು ತಡೆಯುತ್ತಿರಲಿಲ್ಲ. ಕ್ಯಾಮೆರಾ ತಿರುಗಿದರೆ ದೀಪದ ಹಿಂದೆ ಧೂಮಕೇತುವಿನ ಹಾಗೆ ಬಾಲ ಎಳೆದುಕೊಳ್ಳುತ್ತಿತ್ತು. ತಾಂತ್ರಿಕವಾಗಿ ಅದು ದೋಷ. ನನ್ನ ಕಣ್ಣಿಗೆ ಸುರುಸುರು ಬತ್ತಿ.

1972ರ ಜುಲೈ 6ರಂದು ಪ್ರಸಾರವಾದ ಇಂಗ್ಲಿಷ್ ಗಾಯಕ ಡೇವಿಡ್ ಬೋವಿಯ 'ಸ್ಟಾರ್‌ಮನ್' ಹಾಡು ನೋಡಿ. ಬಣ್ಣ ಬಣ್ಣದ ಬಟ್ಟೆ, ಕೆಂಚು ಕೂದಲು. ಆತ ನೇರ ಲೆನ್ಸಿಗೇ ಬೆರಳು ತೋರಿಸಿ ತಿರುಗಿಸುತ್ತಾನೆ. ಗಿಟಾರಿಸ್ಟ್ ಮಿಕ್ ರಾನ್ಸನ್ ಹೆಗಲ ಮೇಲೆ ಸಲೀಸಾಗಿ ಕೈ ಹಾಕುತ್ತಾನೆ. ಅಂದು ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಅಪ್ಪಂದಿರು ಗೊಣಗಿದರಂತೆ, ಮಕ್ಕಳು ಬಾಯಿ ಬಿಟ್ಟು ನೋಡಿದರಂತೆ. ನಾನು ನೋಡುವುದು ಹಿಂದೆ ಕುಣಿಯುತ್ತಿರುವ, ತೋಳಿಲ್ಲದ ಸ್ವೆಟರ್ ತೊಟ್ಟ ಹುಡುಗನನ್ನು. ಮುಂದೆ ಬೇರೆ ಲೋಕದಿಂದ ಇಳಿದವನಂತೆ ಒಬ್ಬ, ಹಿಂದೆ ಪಕ್ಕದ ಮನೆಯವನಂತೆ ಇನ್ನೊಬ್ಬ, ಒಂದೇ ಫ್ರೇಮಿನಲ್ಲಿ. ಅವನನ್ನು ತೆಗೆದುಬಿಟ್ಟರೆ ಆ ಚಿತ್ರಕ್ಕೆ ಅಳತೆಯೇ ಇರುವುದಿಲ್ಲ.

ಎಲ್ಲವೂ ಚಂದ ಅಂತ ಹೇಳುತ್ತಿಲ್ಲ. ಆ ನಿರೂಪಕರಲ್ಲಿ ಜಿಮ್ಮಿ ಸ್ಯಾವಿಲ್ ಒಬ್ಬ. ಅವನು ಎಷ್ಟೋ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ ಸತ್ಯ ಹೊರಬಿದ್ದ ಮೇಲೆ ಅವನಿರುವ ಕಂತುಗಳನ್ನು ಬಿಬಿಸಿ ಹಾಕುವುದಿಲ್ಲ. ನಿರೂಪಕರ ಪಕ್ಕ ತಂದು ನಿಲ್ಲಿಸಿದ ಎಳೇ ಹುಡುಗಿಯರ ಮುಖ ನೋಡಿದರೆ ಈಗ ಬೇರೆಯದೇ ಯೋಚನೆ ಬರುತ್ತದೆ.

ಕಲಾವಿದರು ಬರಲಾಗದಿದ್ದರೆ ಪ್ಯಾನ್ಸ್ ಪೀಪಲ್ ಅನ್ನುವ ಹುಡುಗಿಯರ ತಂಡ ಕುಣಿಯುತ್ತಿತ್ತು. ತಯಾರಿಗೆ ಪುರುಸೊತ್ತು ಕಡಿಮೆ, ಹಾಗಾಗಿ ಮಾತಿಗೆ ತಕ್ಕ ಹೆಜ್ಜೆ. 1973ರಲ್ಲಿ ಗಿಲ್ಬರ್ಟ್ ಓ'ಸಲಿವನ್ ಹಾಡೊಂದರಲ್ಲಿ ನಾಯಿಯ ಮಾತು ಬರುತ್ತದೆ ಅಂತ ನಿಜವಾದ ನಾಯಿಗಳನ್ನೇ ತಂದು ಕೂರಿಸಿದ್ದರು! ನನಗೆ ತಕ್ಷಣ ನೆನಪಾಗಿದ್ದು ನಮ್ಮ ದೂರದರ್ಶನದ ಭಾವಗೀತೆ. ಚಂದ್ರ ಅಂದರೆ ಚಂದ್ರ, ಹೂವು ಅಂದರೆ ದಾಸವಾಳ.

ಆ ಭಾವಗೀತೆಗಳಲ್ಲಿ ಹಾಡುವವರು ಜಮಖಾನದ ಮೇಲೆ ಕೂತಿರುತ್ತಿದ್ದರು. ಹಿಂದೆ ಥರ್ಮೋಕೋಲಿನ ಕಮಾನು, ಪಕ್ಕದಲ್ಲಿ ಕುಂಡ. ಕ್ಯಾಮೆರಾ ಮೆಲ್ಲಗೆ ಹತ್ತಿರ ಬಂದು, ಮೆಲ್ಲಗೆ ಹಿಂದೆ ಹೋಗುತ್ತಿತ್ತು, ದೇವಸ್ಥಾನದಲ್ಲಿ ಹಿರಿಯರು ನಡೆಯುವಂತೆ. ಬೋರು ಹೊಡೆಯುತ್ತಿತ್ತು, ಒಪ್ಪುತ್ತೇನೆ. ಆದರೆ ಗಾಯಕಿಯ ಕತ್ತಿನ ನರ ಕಾಣುತ್ತಿತ್ತು, ತಬಲಾದವರು ತಲೆಯಾಡಿಸಿದ್ದು ಕಾಣುತ್ತಿತ್ತು. ಈಗಿನ ನಮ್ಮ ಹಾಡಿನ ರಿಯಾಲಿಟಿ ಶೋಗಳಲ್ಲಿ ಮಕ್ಕಳು ಅದ್ಭುತವಾಗಿ ಹಾಡುತ್ತಾರೆ. ಆದರೆ ಮಗು ಮೇಲಿನ ಸ್ವರ ಮುಟ್ಟಿದ ಗಳಿಗೆಯಲ್ಲೇ ಪರದೆ ಮೇಲೆ ಜಡ್ಜ್ ಕಣ್ಣರಳಿಸುತ್ತಾರೆ. ಆಮೇಲೆ ಅಮ್ಮನ ಕಣ್ಣೀರು, ಸ್ಲೋ ಮೋಷನ್ನಿನಲ್ಲಿ. ಮಗು ಎಲ್ಲಿ? ಹಾಡಿದ್ದನ್ನು ನಂಬುತ್ತೇನೆ, ಆ ಕಣ್ಣೀರು ಆಗಲೇ ಬಂದದ್ದಾ ಅಂತ ಅನುಮಾನ. ಬಾಯಿ ಆಡಿಸುತ್ತಿದ್ದ ಕಾಲದ ಕ್ಯಾಮೆರಾ ಇದಕ್ಕಿಂತ ಸಾಚಾ ಅಲ್ವಾ?

ಅಂಥ ಕೆಲಸವನ್ನು ಉಳಿಸಿಕೊಂಡದ್ದೂ ಕಡಿಮೆ. ಅರವತ್ತರ ದಶಕದ ಬಹುಪಾಲು ಕಂತುಗಳನ್ನು ಬಿಬಿಸಿ ಅಳಿಸಿಹಾಕಿತು. ಟೇಪು ದುಬಾರಿ, ಮತ್ತೆ ಬಳಸಬೇಕಿತ್ತು. ಬೋವಿಯ 1973ರ ಜನವರಿಯ ಒಂದು ಹಾಡು ಹಾಗೇ ಹೋಗಿಬಿಟ್ಟಿತ್ತು. ಅಂದು ಕೆಲಸ ಮಾಡಿದ್ದ ಕ್ಯಾಮೆರಾಮನ್ ಜಾನ್ ಹೆನ್‌ಶಾಲ್ ಬಳಿ ಮಾತ್ರ ಒಂದು ಪ್ರತಿ ಉಳಿದಿತ್ತು. ಎಲ್ಲವನ್ನೂ ಗುಂಡಗೆ ಬಾಗಿಸಿ ತೋರಿಸುವ ಮೀನುಗಣ್ಣಿನ ಲೆನ್ಸಿನಲ್ಲಿ ತಾನು ತೆಗೆದದ್ದು ಹೇಗೆ ಬಂದಿದೆ ಅಂತ ನೋಡಿಕೊಳ್ಳಲು ಕೇಳಿ ಪಡೆದದ್ದು. ಜಗತ್ತಿನಲ್ಲಿ ಬೇರೆ ಪ್ರತಿ ಇಲ್ಲ ಅನ್ನುವುದು ಅವರಿಗೇ ಗೊತ್ತಿರಲಿಲ್ಲ. 2011ರಲ್ಲಿ ಅದು ಮತ್ತೆ ಟಿವಿಗೆ ಬಂತು.

ನನ್ನದೂ ಒಂದು ಕತೆ ಇದೆ. ಇಲ್ಲಿನ ರಾಜ್ಯೋತ್ಸವವೊಂದರಲ್ಲಿ ನಾನು ಟ್ರ್ಯಾಕ್ ಹಾಕಿಕೊಂಡು ಹಾಡಿದೆ. ಬಾಯಿ ಆಡಿಸಲಿಲ್ಲ, ಗಂಟಲು ನನ್ನದೇ. ದುಡ್ಡು ಕೊಟ್ಟು ವಿಡಿಯೋದವರನ್ನು ಕರೆಸಿದ್ದರು. ಎರಡು ತಿಂಗಳ ಮೇಲೆ ಬಂದ ವಿಡಿಯೋದಲ್ಲಿ ಬಾವುಟ, ಅತಿಥಿಗಳು, ರಂಗೋಲಿ, ಬಿಸಿಬೇಳೆ ಬಾತಿನ ಪಾತ್ರೆ ಎಲ್ಲ ಇದ್ದವು. ನಾನು ಹನ್ನೊಂದು ಸೆಕೆಂಡು, ಅದೂ ಪಕ್ಕದಿಂದ. ಹೆಂಡತಿ ಮೂರನೇ ಸಾಲಿನಿಂದ ಫೋನಿನಲ್ಲಿ ತೆಗೆದದ್ದು ಇದೆ. ಕೈ ನಡುಗಿದೆ, ಮುಂದಿನವರ ತುರುಬು ಅಡ್ಡ ಬಂದಿದೆ. ಎರಡನೇ ಚರಣದಲ್ಲಿ ಯಾರೋ ಹಿರಿಯರು ಕಾಫಿಗೆ ಎದ್ದು ಹೋಗುತ್ತಾರೆ, ಎರಡು ಸಾಲು ಪೂರ್ತಿ ಅವರ ಬೆನ್ನೇ ಹಾಡುತ್ತದೆ. ಊರಿಗೆ ಅಮ್ಮನಿಗೆ ಕಳಿಸಿದ್ದು ಅದನ್ನೇ.