ಸ್ಪಷ್ಟನೆ: ಅಲ್ಮೈರಾ ಫೆಲ್ಪ್ಸ್ ಬಗ್ಗೆ ಹರಿದಾಡುತ್ತಿರುವ ಸಂದೇಶ

"ಅಮೆರಿಕದ ವಿಜ್ಞಾನ ಪ್ರಗತಿ ಸಂಘದ ಮೊದಲ ಮಹಿಳಾ ಸದಸ್ಯೆ ಸಸ್ಯಶಾಸ್ತ್ರದ ಟೀಚರ್ ಅಲ್ಮೈರಾ ಫೆಲ್ಪ್ಸ್. ಟ್ರಾಯ್ ಊರಿನ ಹೆಣ್ಣುಮಕ್ಕಳ ಶಾಲೆ ಕಟ್ಟಿದವರೂ ಅವರೇ" ಎಂಬ ಸಂದೇಶ ಓಡಾಡುತ್ತಿದೆ. ಎರಡೂ ಸರಿಯಲ್ಲ.

ಫೆಲ್ಪ್ಸ್ ಸಂಘ ಸೇರಿದ್ದು 1859ರಲ್ಲಿ. ಖಗೋಳ ವಿಜ್ಞಾನಿ ಮರಿಯಾ ಮಿಚೆಲ್ 1850ರಲ್ಲೇ ಸದಸ್ಯೆಯಾಗಿದ್ದರು. ಸಂಘದ ಚರಿತ್ರೆಯಲ್ಲೇ ಇದು ದಾಖಲಾಗಿದೆ. ಶಾಲೆಯನ್ನು 1821ರಲ್ಲಿ ಕಟ್ಟಿದ್ದು ಅಕ್ಕ ಎಮ್ಮಾ ವಿಲ್ಲರ್ಡ್. ತಂಗಿ ಅಲ್ಲಿ ಪಾಠ ಮಾಡಿದರು, ಅಕ್ಕ ಯುರೋಪಿಗೆ ಹೋದಾಗ ಶಾಲೆ ನೋಡಿಕೊಂಡರು.

ಹಾಗಂತ ಅವರ ಕೆಲಸ ಸಣ್ಣದಲ್ಲ. 1829ರ ಅವರ ಸಸ್ಯಶಾಸ್ತ್ರದ ಪಠ್ಯಪುಸ್ತಕ ದಶಕಗಳ ಕಾಲ ಮತ್ತೆ ಮತ್ತೆ ಅಚ್ಚಾಯಿತು. ಹೂವನ್ನು ಕೈಯಲ್ಲೇ ಹಿಡಿದು, ಬಿಡಿಸಿ ನೋಡಿ ಕಲಿಯಬೇಕು ಅನ್ನೋದು ಅವರ ಪಾಠದ ರೀತಿ. ಇಷ್ಟೇ ಸಾಕಲ್ವಾ? ಸುಮ್ನೆ "ಮೊದಲ" ಪಟ್ಟ ಯಾಕೆ? ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.