ಬ್ಯಾಗೆಟ್ ಒಂದೇ ಪ್ಯಾರಿಸ್ಸಿನ ಬ್ರೆಡ್ ಅಲ್ಲ

ಪ್ಯಾರಿಸ್ಸಿನ ಬೇಕರಿಗಳ ಕುರಿತ ಲೇಖನವೊಂದನ್ನು ಓದಿದೆ. ಅಲ್ಲಿನ ಸಾಂಪ್ರದಾಯಿಕ ಬೇಕರಿಯೆಂದರೆ ಬ್ಯಾಗೆಟ್, ಅಂದರೆ ಕೋಲಿನಂತೆ ಉದ್ದನೆಯ ಬ್ರೆಡ್, ಎಂಬ ಅದರ ಲೇಖಕರ ಮಾತನ್ನು ನಾನು ಒಪ್ಪಲಾರೆ. ಶೆರ್ಶ್-ಮಿದಿ ಬೀದಿಯಲ್ಲಿ 1932ರಲ್ಲಿ ಪಿಯೆರ್ ಪ್ವಾಲಾನ್ ತೆರೆದ ಬೇಕರಿಗೆ ಹೆಸರು ತಂದದ್ದು, ಹುಳಿಹಿಟ್ಟು ಬೆರೆಸಿ ನಾದಿ, ನೆಲಮಾಳಿಗೆಯ ಸೌದೆ ಒಲೆಯಲ್ಲಿ ಬೇಯಿಸುವ, ಹೆಚ್ಚುಕಡಿಮೆ 2 ಕಿಲೋ ತೂಗುವ ದುಂಡನೆಯ ಬ್ರೆಡ್. ನಾನು ಅಲ್ಲಿ ಕೊಂಡ ಕಾಲುಭಾಗದ ಹೊರಪದರ ಕಂದುಗಪ್ಪಾಗಿ ಹಿಟ್ಟಿನ ಪುಡಿ ಮೆತ್ತಿಕೊಂಡಿತ್ತು. ನಾಲ್ಕನೆಯ ದಿನವೂ ಒಳಗಿನ ತಿರುಳು ಒಣಗಿರಲಿಲ್ಲ. ಬ್ಯಾಗೆಟ್ಟಾದರೋ ಸಂಜೆಯ ಹೊತ್ತಿಗೇ ಬಿರುಸಾಗಿಬಿಡುತ್ತದೆ. ಇನ್ನು, ಬೂಲಾಂಜರಿಗಳೆಲ್ಲ (ಫ್ರೆಂಚರು ಬ್ರೆಡ್ ಬೇಕರಿಗೆ ಹೇಳುವ ಹೆಸರು) ಈಗ ಹೊರಗಿನಿಂದ ನಾದಿ ಶೀತಲೀಕರಿಸಿದ ಹಿಟ್ಟು ತರಿಸುತ್ತವೆ ಎಂಬ ಸಾಲನ್ನು ಲೇಖಕರು ದಯವಿಟ್ಟು ತಿದ್ದಬೇಕು: ಫ್ರಾನ್ಸಿನ 1998ರ ಕಾನೂನಿನ ಪ್ರಕಾರ, ಹಿಟ್ಟು ನಾದುವುದರಿಂದ ಬೇಯಿಸುವವರೆಗಿನ ಕೆಲಸವೆಲ್ಲ ಮಾರುವ ಸ್ಥಳದಲ್ಲೇ ನಡೆಯದಿದ್ದರೆ ಅಂಗಡಿಯವರು ಫಲಕದಲ್ಲಿ ಬೂಲಾಂಜರಿ ಎಂಬ ಹೆಸರನ್ನೇ ಬರೆಯುವಂತಿಲ್ಲ.