ಲೋಣಾವಳವನ್ನು ಯಾವ ಲಾರ್ಡೂ ಕಂಡುಹಿಡಿಯಲಿಲ್ಲ

ನಿನ್ನೆಯಿಂದ ತಲೆ ಬಿಸಿಯಾಗಿದೆ. ಬರೆದು ಹಾಕದೆ ಸಮಾಧಾನ ಇಲ್ಲ.

ಪುಣೆಯ ನಮ್ಮ ಕನ್ನಡ ಬಳಗದ ಮಳೆಗಾಲದ ಪಿಕ್ನಿಕ್ಕು ನಿನ್ನೆ ಮುಂಬೈ–ಪುಣೆ ನಡುವಿನ ಘಟ್ಟದ ಊರು ಲೋಣಾವಳಕ್ಕೆ ಇತ್ತು. ಬಸ್ಸು ತಳೇಗಾಂವ್ ದಾಟುವಾಗ ಹುಡುಗನೊಬ್ಬ ಮೈಕ್ ಹಿಡಿದು ಮೊಬೈಲಿನಿಂದ ಊರಿನ ಪರಿಚಯ ಓದಿದ. 1871ರಲ್ಲಿ ಬಾಂಬೆಯ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ದಟ್ಟ ಕಾಡಿನ ನಡುವೆ ಲೋಣಾವಳವನ್ನು ಕಂಡುಹಿಡಿದರಂತೆ. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತು ಅದು ಸುಳ್ಳು ಅಂದೆ. "ಅಕ್ಕಾ, ಪಿಕ್ನಿಕ್ಕಿಗೆ ಬಂದಿದ್ದೀವಿ, ಬಿಡಿ" ಅಂತ ಹಿಂದಿನಿಂದ ಯಾರೋ ಕೂಗಿದರು. ಅಂತ್ಯಾಕ್ಷರಿ ಶುರುವಾಯಿತು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಈ ಸಾಲು ಎಲ್ಲಾ ಕಡೆ ಇದೆ. ಹೋಟೆಲಿನ ಕರಪತ್ರದಲ್ಲಿ ಇದೆ, ಪ್ರವಾಸದ ವಿಡಿಯೋಗಳಲ್ಲಿ ಇದೆ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ. ಆದರೆ ಇಸವಿಯನ್ನಾದರೂ ಒಮ್ಮೆ ನೋಡಬಾರದೇ? ಬಾಂಬೆಗೆ ಗವರ್ನರ್ ಆಗಿದ್ದ ಎಲ್ಫಿನ್‌ಸ್ಟನ್‌ಗಳು ಇಬ್ಬರು. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಿಂದ 1827ರವರೆಗೆ ಆಳಿ 1859ರಲ್ಲಿ ತೀರಿಕೊಂಡ. ಲಾರ್ಡ್ ಜಾನ್ ಎಲ್ಫಿನ್‌ಸ್ಟನ್ 1853ರಿಂದ 1860ರವರೆಗೆ ಗವರ್ನರ್ ಆಗಿದ್ದು, 1860ರಲ್ಲೇ ಹೋದ. 1871ರಲ್ಲಿ ಇಬ್ಬರೂ ಬದುಕಿರಲಿಲ್ಲ. ಸತ್ತ ಮನುಷ್ಯನ ಕೈಗೆ ಒಂದು ಇಡೀ ಊರನ್ನು ಕೊಟ್ಟುಬಿಟ್ಟಿದ್ದೇವೆ.

ಇನ್ನು ಆ ದಟ್ಟ ಕಾಡಿನ ವಿಷಯ. 1858ರ ಜೂನ್‌ನಲ್ಲೇ ಲೋಣಾವಳದ ಪಕ್ಕದ ಖಂಡಾಳಾದಿಂದ ಪುಣೆಗೆ ರೈಲು ಓಡುತ್ತಿತ್ತು. ಕೆಳಗೆ ಖೋಪೋಲಿವರೆಗೆ ಒಂದು ರೈಲು, ಮೇಲೆ ಖಂಡಾಳಾದಿಂದ ಇನ್ನೊಂದು. ನಡುವಿನ ಘಟ್ಟವನ್ನು ಜನ ಪಲ್ಲಕ್ಕಿಯಲ್ಲಿ, ಕುದುರೆ ಮೇಲೆ, ಕಾಲ್ನಡಿಗೆಯಲ್ಲಿ ಹತ್ತಿ ಇಳಿಯುತ್ತಿದ್ದರು. 1863ರ ಏಪ್ರಿಲ್‌ನಲ್ಲಿ ಆ ಘಟ್ಟದ, ಅಂದರೆ ಬೋರ್ ಘಾಟಿನ, ಹಳಿಯೂ ತೆರೆಯಿತು. ಅಂದರೆ 1871ಕ್ಕೆ ಎಂಟು ವರ್ಷ ಮೊದಲೇ ಮುಂಬೈನಿಂದ ಟಿಕೆಟ್ ತೆಗೆದುಕೊಂಡು ಈ ಊರಿನ ಮೇಲೆ ಹಾದುಹೋಗಬಹುದಿತ್ತು. ರೈಲು ಓಡುವ ಊರನ್ನು ಯಾರು ಕಂಡುಹಿಡಿಯುತ್ತಾರೆ?

ಆ ಹಳಿ ಹಾಕಿದವರ ಕಥೆ ಹೇಳಲಿ ಮೈಕಿನಲ್ಲಿ. ಸುಮಾರು 25 ಕಿಲೋಮೀಟರ್ ದೂರದಲ್ಲಿ 550 ಮೀಟರ್‌ಗೂ ಜಾಸ್ತಿ ಏರು. 25 ಸುರಂಗ. ಕೆಲಸ ಜೋರಾಗಿದ್ದಾಗ 40,000ಕ್ಕೂ ಹೆಚ್ಚು ಕೂಲಿಗಳು ಆ ಬಂಡೆಗಳ ಮೇಲೆ ಇದ್ದರು. ಕಾಲರಾ ಬಂತು, ಮದ್ದು ಸಿಡಿಯಿತು, ಕಾಲು ಜಾರಿ ಬಿದ್ದರು. ಸಾವಿರಾರು ಜನ ಅಲ್ಲೇ ಮಣ್ಣಾದರು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ ಇಂಗ್ಲೆಂಡಿನಿಂದ ಬಂದ ಸ್ವಲ್ಪ ಸಮಯದಲ್ಲೇ, 1859ರಲ್ಲಿ, ಕಾಯಿಲೆಯಿಂದ ಸತ್ತ. ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ಬಿಟ್ಟುಕೊಡದೆ, ಎಂಜಿನಿಯರುಗಳನ್ನು ನೇಮಿಸಿ ಕೆಲಸ ಮುಗಿಸಿದಳು. ಇಂಗ್ಲಿಷ್ ಹೆಸರೇ ಬೇಕು ಅಂತಿದ್ದರೆ ಆಲಿಸ್ ಹೆಸರು ಹೇಳಿ.

ಹಳೇ ರಸ್ತೆಯಲ್ಲಿ ಘಟ್ಟ ಇಳಿಯುವವರಿಗೆ ಶಿಂಗ್ರೋಬಾನ ಗುಡಿ ಗೊತ್ತಿರುತ್ತದೆ. ಲಾರಿಯವರು ಓಡುವ ಗಾಡಿಯಿಂದಲೇ ಅವನಿಗೆ ನಾಣ್ಯ ಎಸೆದು ಕೈ ಮುಗಿಯುತ್ತಾರೆ. ಶಿಂಗ್ರೋಬಾ ಧನಗರ ಕುರಿಗಾಹಿ. ಗೋರಾ ಎಂಜಿನಿಯರುಗಳಿಗೆ ಘಟ್ಟ ಹತ್ತುವ ದಾರಿ ಸಿಗದಿದ್ದಾಗ ತೋರಿಸಿಕೊಟ್ಟವನು ಅವನೇ ಅಂತ ಇಲ್ಲಿನ ಜನ ಹೇಳುತ್ತಾರೆ. ಕೆಲಸ ಆದಮೇಲೆ ಅವನನ್ನೇ ಕೊಂದರು ಅಂತಲೂ ಕಥೆ ಇದೆ. ಅದಕ್ಕೆ ಕಾಗದದ ಸಾಕ್ಷಿ ಇಲ್ಲ, ಜನರ ಬಾಯಿ ಮಾತು. ಆದರೂ ಇದರಲ್ಲಿ ಘಟ್ಟ ಗೊತ್ತಿದ್ದ ಒಬ್ಬ ಮನುಷ್ಯನಿದ್ದಾನೆ. ಎಲ್ಫಿನ್‌ಸ್ಟನ್ ಕಥೆಯಲ್ಲಿ ಈ ನೆಲದವರು ಒಬ್ಬರೂ ಇಲ್ಲ. ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ.

ಕೆರೆಗಳ ವಿಷಯವೂ ಹಾಗೇ. "ಎಷ್ಟು ಚೆಂದದ ನೈಸರ್ಗಿಕ ಸರೋವರ" ಅಂತ ವಲವಣ್ ಅಣೆಕಟ್ಟಿನ ಹತ್ತಿರ ಎಲ್ಲರೂ ಫೋಟೋ ತೆಗೆಸಿಕೊಂಡರು. ಅದು ಕಟ್ಟಿದ ಕೆರೆ. ಲೋಣಾವಳ, ವಲವಣ್, ಶಿರವತಾ ಮೂರೂ ಟಾಟಾದವರು ಜಲವಿದ್ಯುತ್ತಿಗಾಗಿ ಕಟ್ಟಿಸಿದವು. ವರ್ಷಕ್ಕೆ 4,000 ಮಿಲಿಮೀಟರ್‌ಗೂ ಮೇಲೆ ಮಳೆ ಸುರಿಯುವ ಜಾಗ ಇದು. ಪುಣೆಯಲ್ಲಿ 700ರ ಆಸುಪಾಸು. ಆ ನೀರನ್ನು ಹಿಡಿದಿಟ್ಟು, ಕೊಳವೆಯಲ್ಲಿ 500 ಮೀಟರ್‌ಗೂ ಜಾಸ್ತಿ ಕೆಳಗೆ ಬೀಳಿಸಿ, 1915ರಲ್ಲಿ ಖೋಪೋಲಿಯಲ್ಲಿ ಕರೆಂಟು ಹುಟ್ಟಿಸಿದರು. ಮುಂಬೈ ಗಿರಣಿಗಳು ಆ ಕರೆಂಟಿನಲ್ಲಿ ತಿರುಗಿದವು. ಜನ ಸ್ನಾನ ಮಾಡಲು ಓಡುವ ಭೂಶಿ ಅಣೆಕಟ್ಟು ಇನ್ನೂ ಹಳೆಯದು. ರೈಲ್ವೆಯವರು ಉಗಿ ಎಂಜಿನ್ನುಗಳ ನೀರಿಗಾಗಿ ಕಟ್ಟಿಸಿದ್ದು.

ನಮ್ಮವರಿಗೆ ಇನ್ನೊಂದು ಮಾತು ಗೊತ್ತಿರಬೇಕು. ಲೋಣಾವಳ ಕೂತಿರುವುದು ಸಹ್ಯಾದ್ರಿಯ ನೆತ್ತಿಯ ಮೇಲೆ, ಸಮುದ್ರ ಮಟ್ಟದಿಂದ 620 ಮೀಟರ್ ಎತ್ತರದಲ್ಲಿ. ಊರ ಪಕ್ಕದ ಕುರವಂಡೆಯ ಹತ್ತಿರ ಇಂದ್ರಾಯಣಿ ಹುಟ್ಟುತ್ತದೆ. ದೇಹೂ, ಆಳಂದಿ ಹಾದು ಭೀಮೆಗೆ ಸೇರುತ್ತದೆ. ಭೀಮೆ ವಿಜಯಪುರ, ಕಲಬುರಗಿ ಸೀಮೆ ಹಾದು ಕೃಷ್ಣೆಗೆ ಸೇರುತ್ತಾಳೆ. ಈ ನೆತ್ತಿಯ ಪೂರ್ವಕ್ಕೆ ಬಿದ್ದ ಮಳೆ ನಮ್ಮ ಉತ್ತರ ಕರ್ನಾಟಕಕ್ಕೆ ಹೊರಟ ಮಳೆ. ಅದರಲ್ಲಿ ಒಂದು ಪಾಲನ್ನು ಈ ಕೆರೆಗಳು ತಡೆದು ಪಶ್ಚಿಮಕ್ಕೆ ತಿರುಗಿಸುತ್ತವೆ. ಮುಂದೆ ಇದೇ ಯೋಜನೆ ಮುಳಶಿಗೆ ಹೋದಾಗ ಮುಳುಗುವ ಹಳ್ಳಿಗಳ ರೈತರು ಸುಮ್ಮನಿರಲಿಲ್ಲ. 1921ರಲ್ಲಿ ಸತ್ಯಾಗ್ರಹಕ್ಕೆ ಕೂತರು, ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟ್ ಅವರ ಜೊತೆಗೆ ನಿಂತರು. ಕೊನೆಗೆ ಭೂಮಿ ಹೋಯಿತು. ಇಷ್ಟು ಸಂಕಟದ ನೀರಿನ ಮುಂದೆ ನಿಂತು ಒಂದು ನಿಮಿಷ ಅದರ ಬಗ್ಗೆ ಮಾತಾಡಿದರೆ ಪಿಕ್ನಿಕ್ಕು ಕೆಡುತ್ತದೆಯೇ?

ನಾನು ಯಾಕೆ ಇಷ್ಟು ಕೂಗಾಡುತ್ತೇನೆ ಅಂತ ಕೇಳುವವರಿಗೆ ಒಂದು ವಿಷಯ ಹೇಳಬೇಕು. ನಾನು ಶಿರಸಿಯವಳು ಅಂತ ನಿಮಗೆಲ್ಲ ಗೊತ್ತು. ಮದುವೆಯಾಗಿ ಪುಣೆಗೆ ಬಂದ ಹೊಸದರಲ್ಲಿ ನನಗೆ ಇಲ್ಲಿ ಯಾವುದೂ ನನ್ನದು ಅನ್ನಿಸುತ್ತಿರಲಿಲ್ಲ. ಭಾಷೆ ಬರುತ್ತಿರಲಿಲ್ಲ. ರಾತ್ರಿ ಅಡುಗೆಮನೆಯ ದೀಪ ಆರಿಸಿ ಅಳುತ್ತಿದ್ದೆ. ಇದನ್ನು ಅಮ್ಮನಿಗೂ ಹೇಳಿಲ್ಲ. ಹಾಗಿದ್ದಾಗ ಯಾರೋ ಕಾರ್ಲಾ ಗುಹೆಗೆ ಕರೆದುಕೊಂಡು ಹೋದರು. ಏಕವೀರಾ ದೇವಿಯ ಗುಡಿಯ ಪಕ್ಕದಲ್ಲೇ ಇದೆ ಚೈತ್ಯ, ಬಂಡೆ ಕೊರೆದು ಮಾಡಿದ ಬೌದ್ಧರ ಪ್ರಾರ್ಥನಾ ಮಂದಿರ. ಒಳಗೆ ಹೋಗಿ ತಲೆ ಎತ್ತಿದರೆ ಚಾವಣಿಗೆ ಬಾಗಿಸಿ ಕೂರಿಸಿದ ಮರದ ತೊಲೆಗಳು ಇನ್ನೂ ಇವೆ, ಎರಡು ಸಾವಿರ ವರ್ಷದ ಮರ. ಹೊರಗೆ ಮುಂಭಾಗದ ಗೋಡೆಯಲ್ಲಿ ಸಾಲು ಆನೆಗಳು, ಸೊಂಡಿಲು ಮುರಿದವು. ಅಲ್ಲೇ ಬ್ರಾಹ್ಮಿ ಅಕ್ಷರದ ಒಂದು ಶಾಸನ. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಶಿಲಾಗೃಹವನ್ನು ಮಾಡಿಸಿದವನು ವೈಜಯಂತಿಯ ಶೆಟ್ಟಿ ಭೂತಪಾಲ ಅಂತ ಅದು ಹೇಳುತ್ತದೆ. ವೈಜಯಂತಿ ಅಂದರೆ ಬನವಾಸಿ ಎಂದೇ ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ತಾಲ್ಲೂಕಿನ ಬನವಾಸಿ!

ಆ ದಿನ ನನಗೆ ಏನಾಯಿತು ಅಂತ ಹೇಳಲು ಬರುವುದಿಲ್ಲ. ನನಗಿಂತ ಎರಡು ಸಾವಿರ ವರ್ಷ ಮೊದಲು ನಮ್ಮೂರಿನ ಕಡೆಯಿಂದ ಒಬ್ಬ ಈ ಘಟ್ಟಕ್ಕೆ ಬಂದಿದ್ದ. ವ್ಯಾಪಾರ ಮಾಡಿದ್ದ. ಭಾರತದ ಅತಿ ದೊಡ್ಡ ಕಲ್ಲಿನ ಚೈತ್ಯಕ್ಕೆ ತನ್ನ ದುಡ್ಡು ಸುರಿದಿದ್ದ. ಅದೇ ಗುಹೆಯ ಕಂಬಗಳ ಮೇಲೆ ಯವನರ, ಅಂದರೆ ಗ್ರೀಕ್ ಕಡೆಯವರ, ಹೆಸರುಗಳಿವೆ, ದೂರದ ವರ್ತಕರ ಹೆಸರುಗಳಿವೆ. ಬಂದರಿನಿಂದ ದಖ್ಖನ್ನಿಗೆ ಹತ್ತುವ ದಾರಿ ಇಲ್ಲೇ ಇದ್ದಿದ್ದರಿಂದ ತಾನೇ ಕಾರ್ಲಾ, ಭಾಜಾ, ಬೇಡ್ಸೆ ಮೂರೂ ಗುಹೆಗಳು ಇಲ್ಲೇ ಎದ್ದದ್ದು. ಆಮೇಲೆ ಅದೇ ದಾರಿ ಕಾಯಲು ಲೋಹಗಡ, ವಿಸಾಪುರ, ರಾಜಮಾಚಿ ಕೋಟೆಗಳು. ಶಿವಾಜಿ ಮಹಾರಾಜರು ಪುರಂದರ ಒಪ್ಪಂದದಲ್ಲಿ 1665ರಲ್ಲಿ ಮೊಘಲರಿಗೆ ಬಿಟ್ಟುಕೊಟ್ಟ ಲೋಹಗಡವನ್ನು 1670ರಲ್ಲಿ ಮತ್ತೆ ಗೆದ್ದುಕೊಂಡರು. ಸುಮ್ನೆ ಕಾಡಿಗಾಗಿ ಯಾರಾದರೂ ಯುದ್ಧ ಮಾಡುತ್ತಾರಾ? ಬೇರೆ ಯಾರಾದರೂ ಎಲ್ಫಿನ್‌ಸ್ಟನ್ ಕಥೆ ಹೇಳಲಿ. ಭೂತಪಾಲನ ಕಡೆಯ ನಾವು, ಕನ್ನಡದಲ್ಲಿ, ಅದನ್ನೇ ಹೇಳಬೇಕಾ?

"ಊರು ಬೆಳೆದದ್ದು ಬ್ರಿಟಿಷರ ರೈಲಿನಿಂದ ಅಲ್ವಾ" ಅಂತ ವಾಪಸ್ ಬರುವಾಗ ಒಬ್ಬರು ವಾದಿಸಿದರು. ಹೌದು, ಇವತ್ತಿನ ಪೇಟೆ ಬೆಳೆದದ್ದು ರೈಲಿನಿಂದಲೇ. ಪಾರಸಿ ಬಂಗಲೆಗಳು, ರೈಲ್ವೆ ವಸತಿ, 1924ರಲ್ಲಿ ಸ್ವಾಮಿ ಕುವಲಯಾನಂದರು ಕಟ್ಟಿದ ಯೋಗ ಸಂಸ್ಥೆ ಕೈವಲ್ಯಧಾಮ, 1945ರಲ್ಲಿ ಬಂದ ನೌಕಾಪಡೆಯ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿ, ಎಲ್ಲವೂ ಹಳಿಯ ಹಿಂದೆಯೇ ಬಂದವು. ಆದರೆ ಹಳಿ ಹಾಕಿಸುವುದು ಬೇರೆ, ಇದ್ದ ಊರನ್ನು ಇಲ್ಲವೆನ್ನುವುದು ಬೇರೆ. ಇಷ್ಟು ಸರಳ ಮಾತಿಗೆ ನನಗೆ ಜಾಸ್ತಿ ವಾದ ಬೇಕಾಗಿಲ್ಲ.

ಜನಗಣತಿಯ ಲೆಕ್ಕ ನೋಡಿ. 2001ರಲ್ಲಿ ಲೋಣಾವಳದ ಜನಸಂಖ್ಯೆ 55,650. 2011ರಲ್ಲಿ 57,698. ಹತ್ತು ವರ್ಷದಲ್ಲಿ ಹೆಚ್ಚಿದ್ದು ಎರಡು ಸಾವಿರ ಜನ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಪೂರ್ತಿಯಾಗಿದ್ದು ಅದೇ ಅವಧಿಯಲ್ಲಿ, 2002ರಲ್ಲಿ. ಗುಡ್ಡಗಳ ಮೇಲೆ ಬಂಗಲೆ ಏಳುತ್ತಲೇ ಇವೆ, ಅವುಗಳಲ್ಲಿ ವಾಸಿಸುವವರು ಇಲ್ಲ. ಶನಿವಾರ ದೀಪ ಹತ್ತುತ್ತದೆ, ಸೋಮವಾರ ಬೀಗ. ಮಳೆಗಾಲದ ಭಾನುವಾರ ಸಣ್ಣ ಊರಿನ ರಸ್ತೆಯೆಲ್ಲ ನಮ್ಮಂಥವರ ಬಸ್ಸು, ಕಾರು. ನಿನ್ನೆ ಹಾಲಿನ ಕ್ಯಾನ್ ಕಟ್ಟಿದ್ದ ಬೈಕಿನವನೊಬ್ಬ ನಮ್ಮ ಬಸ್ಸಿನ ಪಕ್ಕ ಮಳೆಯಲ್ಲಿ ನೆನೆಯುತ್ತಾ ನಿಂತೇ ಇದ್ದ. ಕಿಟಕಿಯಿಂದ ಯಾರೋ ಎಸೆದ ಚಿಕ್ಕಿ ಪೊಟ್ಟಣದ ಕಾಗದ ಅವನ ಮಡ್‌ಗಾರ್ಡಿಗೆ ಅಂಟಿಕೊಂಡಿತು. ಅವನು ತೆಗೆದು ಜೇಬಿಗೆ ಹಾಕಿಕೊಂಡ, ನಮ್ಮತ್ತ ನೋಡಲೂ ಇಲ್ಲ. ನನಗೆ ನಾಚಿಕೆಯಾಯಿತು.

ಯಾರೂ ಇಲ್ಲದ ಕಾಡಿನಲ್ಲಿ ಸಿಕ್ಕಿದ ಜಾಗ ಅಂದುಕೊಂಡರೆ ಹೀಗೇ ಆಗುತ್ತದೆ. ಇಲ್ಲಿನವರ ಮಾತು ಯಾರೂ ಕೇಳುವುದಿಲ್ಲ. 2024ರ ಜೂನ್ 30ರಂದು ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐದು ಜನ ಕೊಚ್ಚಿಹೋದರು, ಮಕ್ಕಳೂ ಇದ್ದರು. ಹೋದವರನ್ನು ನಾನು ದೂರುತ್ತಿಲ್ಲ. ಮೇಲೆ ಮಳೆ ಸುರಿದರೆ ಕೆಳಗೆ ನೀರು ಎಷ್ಟು ಬೇಗ ಏರುತ್ತದೆ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಇಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿದೆ. ಮೈಕಿನಲ್ಲಿ ಹೇಳಬೇಕಾದ್ದು ಅದು.

ಬಳಗದ ಹಿರಿಯರಿಗೆ ಬೆಳಿಗ್ಗೆಯೇ ಫೋನ್ ಮಾಡಿದ್ದೇನೆ. ದೀಪಾವಳಿ ಕಳೆದ ಮೇಲೆ ಕಾರ್ಲಾಕ್ಕೆ ಹೋಗೋಣ ಅಂದಿದ್ದೇನೆ, ಒಪ್ಪಿದ್ದಾರೆ. ಬಸ್ಸು ಬೇಡ. ಪುಣೆಯಿಂದ ಲೋಣಾವಳ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದರೆ ಮುಂದೆ ಆಟೋ ಸಿಗುತ್ತದೆ. ಸುಮಾರು 350 ಮೆಟ್ಟಿಲು ಹತ್ತಬೇಕು, ಮೊಣಕಾಲು ನೋವಿರುವವರು ಮೊದಲೇ ಹೇಳಿ, ನಿಧಾನ ಹತ್ತೋಣ. ಮಕ್ಕಳನ್ನು ಕರೆತನ್ನಿ. ಭೂತಪಾಲನ ಶಾಸನ ಎಲ್ಲಿದೆ ಅಂತ ನಾನು ತೋರಿಸುತ್ತೇನೆ. ಬರುವವರು ಕೆಳಗೆ ಹೆಸರು ಹಾಕಿ.